ತಾಳ ಎಣಿಸುವ ಪೆಟ್ಟಿಗೆ

ಚೌತಿಯ ರಾತ್ರಿ ಬಿಣಗಾದ ಗಣಪತಿ ಪೆಂಡಾಲಿನಲ್ಲಿ ಆರ್ಕೆಸ್ಟ್ರಾ ಇದೆಯೆಂದರೆ ಮಕ್ಕಳು ವೇದಿಕೆಯ ಬುಡದಲ್ಲೇ ಜಾಗ ಹಿಡಿಯುತ್ತಾರೆ. ಹಾಡುವವರಿಗಿಂತ ಕೀಬೋರ್ಡ್ ನುಡಿಸುವವರ ಮೇಲೆಯೇ ಅವರ ಕಣ್ಣು. ಹಾಡಿನ ನಡುವೆ ಆ ಕಲಾವಿದರು ಎರಡೂ ಕೈ ತೆಗೆದು ಹಣೆಯ ಬೆವರು ಒರೆಸಿಕೊಳ್ಳುತ್ತಾರೆ, ಪಕ್ಕದವರ ಜೊತೆ ಎರಡು ಮಾತಾಡುತ್ತಾರೆ. ಆದರೂ ಡ್ರಮ್ಮು ಹೊಡೆದುಕೊಳ್ಳುತ್ತಲೇ ಇರುತ್ತದೆ. ಬೇಸ್ ಗಿಟಾರಿನ ಸದ್ದೂ ತಪ್ಪದೆ ಅದರ ಜೊತೆ ನಡೆದಿರುತ್ತದೆ.

"ಅಕ್ಕೋರೇ, ಅವರು ಕೈಯೇ ಇಟ್ಟಿಲ್ಲ. ಮತ್ತೆ ಬಾರಿಸೂದು ಯಾರು?" ಎಂದು ಐದನೆಯ ತರಗತಿಯ ಹುಡುಗಿಯೊಬ್ಬಳು ನನ್ನನ್ನು ಕೇಳಿದಳು. "ಮಷೀನು" ಎಂದುಬಿಟ್ಟರೆ ಉತ್ತರವೇನೋ ಸಿಕ್ಕಿತು, ಆದರೆ ಕುತೂಹಲವೂ ಅಲ್ಲಿಗೇ ಮುಗಿಯಿತು. ಹಾಗಾಗುವುದು ಬೇಡ. ಆ ಪೆಟ್ಟಿಗೆಯ ಒಳಗೆ ಏನು ನಡೆಯುತ್ತದೆ ಎಂದು ನಿಧಾನವಾಗಿ ನೋಡೋಣ ಬನ್ನಿ.

ಒಳಗೆ ಸಂಗೀತ ಬಲ್ಲವರು ಯಾರೂ ಇಲ್ಲ. ಅಲ್ಲಿ ನಡೆಯುವುದು ಎರಡು ಕೆಲಸ. ಒಂದು ಭಾಗ ಒಂದೇ ಸಮನೆ ಟಿಕ್, ಟಿಕ್ ಎನ್ನುತ್ತಿರುತ್ತದೆ. ಅದಕ್ಕೆ ಟೆಂಪೋ ಕ್ಲಾಕ್ ಎಂದು ಹೆಸರು. ಇನ್ನೊಂದು ಭಾಗದಲ್ಲಿ ಸಾಲಾಗಿ ಮನೆಗಳಿವೆ. ಪ್ರತಿ ಟಿಕ್ಕಿಗೂ ಅದು ಒಂದು ಮನೆ ಮುಂದಕ್ಕೆ ಸರಿಯುತ್ತದೆ, ಆ ಮನೆಯಲ್ಲಿ ಏನು ಇಟ್ಟಿದ್ದೀರೋ ಅದನ್ನು ನುಡಿಸು ಎಂದು ಹೇಳುತ್ತದೆ, ಕೊನೆಯ ಮನೆ ಮುಗಿದ ಕೂಡಲೇ ಮೊದಲ ಮನೆಗೆ ಹೋಗುತ್ತದೆ. ಅದು ಸ್ಟೆಪ್ ಸೀಕ್ವೆನ್ಸರ್. ಸದ್ದನ್ನು ಹುಟ್ಟಿಸುವ ಸಿಂಥಸೈಜರು ಇವೆರಡೂ ಹೇಳಿದಂತೆ ಕೇಳುತ್ತದೆ.

ಯಂತ್ರವಿಲ್ಲದೆಯೂ ಇದನ್ನು ಆಡಬಹುದು. ಮೂವರು ಸಾಕು.

ಅಂಗಳದಲ್ಲಿ ಸೀಮೆಸುಣ್ಣದಿಂದ ಒಂದೇ ಸಾಲಿನಲ್ಲಿ ಎಂಟು ಮನೆ ಬರೆಯಿರಿ. ನಿಮ್ಮ ಮನೆಯಲ್ಲಿ ಗುಮಟೆ ಇದ್ದರೆ ತನ್ನಿ. ಕಾರವಾರ, ಅಂಕೋಲೆಯ ಕಡೆಯ ಮಕ್ಕಳಿಗೆ ಗುಮಟೆಯ ಪರಿಚಯ ಮಾಡಿಕೊಡಬೇಕಿಲ್ಲ. ಆದರೂ ಒಮ್ಮೆ ಹತ್ತಿರದಿಂದ ನೋಡಿ. ಅದು ಎರಡು ಬಾಯಿಯ ಮಣ್ಣಿನ ಮಡಕೆ. ದೊಡ್ಡ ಬಾಯಿಗೆ ಚರ್ಮ ಬಿಗಿದಿದೆ, ಸಣ್ಣ ಬಾಯಿ ಖಾಲಿ. ಒಂದು ಕೈ ಚರ್ಮದ ಮೇಲೆ ಬಡಿಯುತ್ತಿದ್ದರೆ ಇನ್ನೊಂದು ಅಂಗೈ ಆ ಖಾಲಿ ಬಾಯಿಯನ್ನು ಮುಚ್ಚುತ್ತ, ತೆರೆಯುತ್ತ ಇರುತ್ತದೆ. ಒಳಗಿನ ಗಾಳಿಗೆ ಹೊರಗೆ ಬರುವ ದಾರಿ ಕಿರಿದಾದರೆ ಸದ್ದು ತಗ್ಗುತ್ತದೆ, ಅಗಲವಾದರೆ ಏರುತ್ತದೆ. ಹಿಂದೆ ಅದಕ್ಕೆ ಉಡದ ಚರ್ಮ ಹಾಕುತ್ತಿದ್ದರು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಉಡವನ್ನು ಕಾಪಾಡುತ್ತದೆ. ಹಾಗಾಗಿ ಈಗ ಆಡಿನ ಚರ್ಮ ಬಂದಿದೆ. ಗುಮಟೆ ಸಿಗದಿದ್ದರೂ ಚಿಂತೆಯಿಲ್ಲ. ತೊಡೆ ತಟ್ಟಿದರೆ ಒಂದು ಸದ್ದು, ಚಪ್ಪಾಳೆ ಹೊಡೆದರೆ ಇನ್ನೊಂದು.

ತೆರೆದ ಸದ್ದಿಗೆ "ತೆ" ಎಂದೂ ಮುಚ್ಚಿದ ಸದ್ದಿಗೆ "ಮು" ಎಂದೂ ಬರೆಯೋಣ. ಒಂದನೆಯ ಮನೆಯಲ್ಲಿ ತೆ, ಎರಡನೆಯದು ಖಾಲಿ, ಮೂರರಲ್ಲಿ ಮು, ನಾಲ್ಕು ಖಾಲಿ, ಐದರಲ್ಲಿ ತೆ, ಆರರಲ್ಲೂ ತೆ, ಏಳರಲ್ಲಿ ಮು, ಎಂಟು ಖಾಲಿ. ಇದು ಯಾವ ಸಮುದಾಯದವರು ನುಡಿಸುವ ಪೆಟ್ಟೂ ಅಲ್ಲ, ಆಟಕ್ಕೆಂದು ನಾನೇ ಜೋಡಿಸಿದ್ದು. ಈಗ ಒಬ್ಬರು ಸಮುದ್ರದ ಕಡೆ ಮುಖಮಾಡಿ ಕುಳಿತು ಒಂದೇ ಸಮನೆ ಎಣಿಸುತ್ತ ಹೋಗಲಿ. ಮನೆಗಳ ಕಡೆ ಅವರು ತಿರುಗಿ ನೋಡುವಂತಿಲ್ಲ. ಎರಡನೆಯವರು ಪ್ರತಿ ಎಣಿಕೆಗೂ ಒಂದು ಹುಣಸೆಬೀಜವನ್ನು ಮುಂದಿನ ಮನೆಗೆ ಸರಿಸಲಿ. ಮೂರನೆಯವರು ಬೀಜ ಕೂತ ಮನೆಯಲ್ಲಿ ಏನಿದೆಯೋ ಅದನ್ನು ಬಾರಿಸಲಿ. ಖಾಲಿ ಮನೆಗೆ ಬಂದಾಗ ಸುಮ್ಮನಿರಬೇಕು. ಈ ಸುಮ್ಮನಿರುವುದೇ ಕಷ್ಟ. ಎರಡು ಮೂರು ಸುತ್ತು ಆಡಿದ ಮೇಲೆ ಅದು ಕೂಡಿಬರುತ್ತದೆ.

ಕೂಡಿಬಂದ ಮೇಲೆ ಎಣಿಸುವವರಿಗೆ "ಬೇಗ" ಎನ್ನಿ. ಲಯ ಏರುತ್ತದೆ, ಪೆಟ್ಟಿನ ಕ್ರಮ ಮಾತ್ರ ಅದೇ ಇರುತ್ತದೆ. ಈಗ ಎಣಿಕೆಯನ್ನು ಹಾಗೆಯೇ ಬಿಟ್ಟು, ಎಂಟನೆಯ ಮನೆಯಲ್ಲಿ ಒಂದು "ತೆ" ಬರೆಯಿರಿ. ಹಾಡಿನ ರೂಪವೇ ಬದಲಾಯಿತು, ವೇಗ ಇದ್ದಲ್ಲೇ ಇದೆ. ಯಾವಾಗ ಬಾರಿಸಬೇಕು ಎನ್ನುವುದು ಒಬ್ಬರ ಬಳಿ, ಏನು ಬಾರಿಸಬೇಕು ಎನ್ನುವುದು ಇನ್ನೊಬ್ಬರ ಬಳಿ. ಹಳೆಯ ಕ್ಯಾಸೆಟ್ಟಿನಲ್ಲಿ ಇವೆರಡೂ ಅಂಟಿಕೊಂಡಿದ್ದವು. ಕ್ಯಾಸೆಟ್ಟನ್ನು ಬೇಗ ಓಡಿಸಿದರೆ ಹಾಡುವವರ ದನಿಯೂ ಕೀಚಲಾಗುತ್ತಿತ್ತು. ಸೀಕ್ವೆನ್ಸರಿನಲ್ಲಿ ಹಾಗಾಗುವುದಿಲ್ಲ. ಈ ಯಂತ್ರದಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಇದೇ: ಕಾಲವನ್ನೂ ಸದ್ದನ್ನೂ ಬಿಡಿಸಿ ಬೇರೆ ಬೇರೆ ಇಟ್ಟಿದ್ದಾರೆ.

ಸಾಲಾಗಿ ಗುರುತು ಮಾಡಿಟ್ಟು ತಾನೇ ನುಡಿಯುವಂತೆ ಮಾಡುವ ಆಸೆ ತೀರ ಹಳೆಯದು. ಒಂಬತ್ತನೆಯ ಶತಮಾನದಲ್ಲೇ ಬಗ್ದಾದಿನ ಬನೂ ಮೂಸಾ ಸಹೋದರರು ತಾನಾಗಿ ನುಡಿಯುವ ಕೊಳಲೊಂದನ್ನು ವಿವರಿಸಿ ಬರೆದಿದ್ದಾರೆ. ತಿರುಗುವ ಉರುಳೆಯ ಮೇಲಿನ ಮೊಳೆಗಳು ಕೊಳಲಿನ ತೂತುಗಳನ್ನು ತೆರೆದು ಮುಚ್ಚುತ್ತಿದ್ದವು. 1960ರ ದಶಕದಲ್ಲಿ ಅಮೆರಿಕದ ಡಾನ್ ಬುಕ್ಲಾ ಮೊಳೆಯ ಜಾಗಕ್ಕೆ ವಿದ್ಯುತ್ತನ್ನು ತಂದು, ಎಂಟು ಮನೆ, ಹದಿನಾರು ಮನೆಗಳ ಸೀಕ್ವೆನ್ಸರುಗಳನ್ನು ಕಟ್ಟಿದರು.

ಈಗ ಟಿಕ್ ಎಂಬುದರ ಲೆಕ್ಕ. ಕೀಬೋರ್ಡಿನ ಮೇಲೆ ಟೆಂಪೋ 120 ಎಂದು ಕಾಣುತ್ತದಲ್ಲ, ಅದು ನಿಮಿಷಕ್ಕೆ ಬೀಳುವ ಪೆಟ್ಟುಗಳ ಸಂಖ್ಯೆ. 60 ಎಂದರೆ ಸೆಕೆಂಡಿಗೊಂದು ಪೆಟ್ಟು, 120 ಎಂದರೆ ಅರ್ಧ ಸೆಕೆಂಡಿಗೊಂದು. ಸೀಕ್ವೆನ್ಸರುಗಳಲ್ಲಿ ಸಾಮಾನ್ಯವಾಗಿ ಒಂದು ಪೆಟ್ಟಿನೊಳಗೆ ನಾಲ್ಕು ಮನೆ ಇರುತ್ತವೆ, ನಾಲ್ಕು ಪೆಟ್ಟಿಗೆ ಹದಿನಾರು. ಹಾಗಾದರೆ 120ರ ವೇಗದಲ್ಲಿ ಒಂದು ಮನೆಗೆ ಸಿಗುವ ಸಮಯ ಎಷ್ಟು? 60ನ್ನು 120ರಿಂದ ಭಾಗಿಸಿ, ಬಂದದ್ದನ್ನು ನಾಲ್ಕರಿಂದ ಭಾಗಿಸಿ. 0.125 ಸೆಕೆಂಡು, ಎಂದರೆ ಒಂದು ಸೆಕೆಂಡಿನ ಎಂಟನೆಯ ಒಂದು ಪಾಲು. ಅಂಗಳದಲ್ಲಿ ಹುಣಸೆಬೀಜ ಸರಿಸಿದವರಿಗೆ ಈ ವೇಗ ಎಂಥದೆಂದು ಕೂಡಲೇ ಗೊತ್ತಾಗುತ್ತದೆ.

ಟಿಕ್ ಎನ್ನುವುದನ್ನು ವಿದ್ಯುತ್ತಿಗೆ ಕಲಿಸುವುದು ಹೇಗೆ? ಇಲ್ಲಿ ನಿಮಗೆ ಒಂದು ಪುಟ್ಟ ಚಿಪ್ಪಿನ ಪರಿಚಯ ಮಾಡಿಕೊಡಬೇಕು. ಹೆಸರು 555. ಎಂಟು ಕಾಲು, ಬೆರಳಿನ ಉಗುರಿನಷ್ಟು ಗಾತ್ರ. ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಹಾನ್ಸ್ ಕಾಮೆನ್‌ಜಿಂಡ್ 1971ರಲ್ಲಿ ಇದನ್ನು ರೂಪಿಸಿದರು, 1972ರಲ್ಲಿ ಸಿಗ್ನೆಟಿಕ್ಸ್ ಕಂಪನಿ ಮಾರಾಟಕ್ಕೆ ತಂದಿತು. ಐವತ್ತು ವರ್ಷ ಕಳೆದರೂ ಎಲೆಕ್ಟ್ರಾನಿಕ್ಸ್ ಬಿಡಿಭಾಗಗಳ ಅಂಗಡಿಯಲ್ಲಿ ಅದು ಇವತ್ತಿಗೂ ಸುಲಭವಾಗಿ ಸಿಗುತ್ತದೆ.

555ರ ಜೊತೆ ಒಂದು ಕೆಪಾಸಿಟರ್ ಇಡುತ್ತಾರೆ. ಕೆಪಾಸಿಟರ್ ಎಂದರೆ ವಿದ್ಯುತ್ತನ್ನು ತುಂಬಿಡುವ ಕೊಡ. ಕೊಡಕ್ಕೆ ನೀರು ಬರುವ ನಳವನ್ನು ಸಣ್ಣಗೆ ಬಿಟ್ಟರೆ ತುಂಬಲು ಹೊತ್ತು ಹಿಡಿಯುತ್ತದೆ, ದೊಡ್ಡದಾಗಿ ಬಿಟ್ಟರೆ ಬೇಗ ತುಂಬುತ್ತದೆ. ಇಲ್ಲಿ ನಳದ ಕೆಲಸ ಮಾಡುವುದು ರೆಸಿಸ್ಟರ್. ಒಂಬತ್ತು ವೋಲ್ಟಿನ ಬ್ಯಾಟರಿ ಹಾಕಿದ್ದೀರಿ ಎನ್ನಿ. ಕೆಪಾಸಿಟರಿನ ಮಟ್ಟ ಆರು ವೋಲ್ಟಿಗೆ ಏರಿತೋ, 555 ಅದನ್ನು ಕಂಡು ಖಾಲಿ ಮಾಡಲು ಶುರುಮಾಡುತ್ತದೆ. ಮೂರು ವೋಲ್ಟಿಗೆ ಇಳಿಯಿತೋ, ಮತ್ತೆ ತುಂಬಲು ಬಿಡುತ್ತದೆ. ಬ್ಯಾಟರಿಯ ಮೂರನೆಯ ಎರಡು ಪಾಲಿನಿಂದ ಮೂರನೆಯ ಒಂದು ಪಾಲಿಗೆ, ಅಲ್ಲಿಂದ ಮತ್ತೆ ಮೇಲಕ್ಕೆ. ಪ್ರತಿ ಸಲ ತುಂಬಲು ತೊಡಗಿದಾಗ 555ರ ಮೂರನೆಯ ಕಾಲಿನಲ್ಲಿ ವಿದ್ಯುತ್ ಮೇಲೇಳುತ್ತದೆ. ಅದೇ ಟಿಕ್.

ಲೆಕ್ಕ ಬೇಕಾದವರಿಗೆ ಇಷ್ಟು ಹೇಳುತ್ತೇನೆ. 10 ಮೈಕ್ರೋಫ್ಯಾರಡ್ಡಿನ ಕೆಪಾಸಿಟರ್, ಒಂದು ಕಿಲೋಓಮ್‌ನ ರೆಸಿಸ್ಟರ್, ಮತ್ತು ಸುಮಾರು 35 ಕಿಲೋಓಮ್‌ಗೆ ತಿರುಗಿಸಿಟ್ಟ ಒಂದು ವೇರಿಯಬಲ್ ರೆಸಿಸ್ಟರ್ ಇದ್ದರೆ ಸೆಕೆಂಡಿಗೆ ಎರಡು ಟಿಕ್ ಬರುತ್ತವೆ. ಎಂದರೆ ನಿಮಿಷಕ್ಕೆ 120. ಆ ತಿರುಗಣೆಯನ್ನು ಹಿಂದೆ ಮುಂದೆ ತಿರುಗಿಸಿದರೆ ಲಯ ಇಳಿಯುತ್ತದೆ, ಏರುತ್ತದೆ. ಹಳೆಯ ಸಿಂಥಸೈಜರುಗಳಲ್ಲಿ ಟೆಂಪೋ ಎಂದು ಬರೆದ ಗುಂಡನೆಯ ಗುಬಟು ಮಾಡುತ್ತಿದ್ದ ಕೆಲಸವೂ ಇಂಥದೇ.

ಮನೆಗಳ ಸಾಲಿಗೆ ಇನ್ನೊಂದು ಚಿಪ್ಪು ಇದೆ, 4017. ಅದಕ್ಕೆ ಹದಿನಾರು ಕಾಲು. 555ರಿಂದ ಬಂದ ಟಿಕ್ಕನ್ನು 14ನೆಯ ಕಾಲಿಗೆ ಕೊಡಬೇಕು. ಹತ್ತು ಕಾಲುಗಳು ಹತ್ತು ಮನೆ. ಒಂದು ಸಲಕ್ಕೆ ಒಂದೇ ಮನೆಯಲ್ಲಿ ವಿದ್ಯುತ್ ಇರುತ್ತದೆ. ಟಿಕ್ ಬಂದ ಕೂಡಲೇ ಅದು ಆ ಮನೆ ಬಿಟ್ಟು ಮುಂದಿನದಕ್ಕೆ ಹೋಗುತ್ತದೆ. ಹತ್ತೂ ಕಾಲಿಗೆ ಒಂದೊಂದು ಪುಟ್ಟ ಎಲ್‌ಇಡಿ ದೀಪ ಜೋಡಿಸಿ ಕತ್ತಲೆಯಲ್ಲಿಟ್ಟರೆ ಬೆಳಕು ಸಾಲಿನುದ್ದಕ್ಕೂ ಓಡುವುದು ಕಾಣುತ್ತದೆ. ಒಮ್ಮೆಗೆ ಒಂದೇ ದೀಪ ಉರಿಯುವುದರಿಂದ ಹತ್ತಕ್ಕೂ ಸೇರಿ ಒಂದು ಕಿಲೋಓಮ್‌ನ ಒಂದೇ ರೆಸಿಸ್ಟರ್ ಸಾಕು.

ಹತ್ತು ಮನೆ ಎಂದಾಗ ಯಕ್ಷಗಾನ ಕಲಿಯುವ ಮಕ್ಕಳಿಗೆ ಏನಾದರೂ ನೆನಪಾಯಿತೇ? ಝಂಪೆ ತಾಳಕ್ಕೆ ಹತ್ತು ಅಕ್ಷರ. 4017 ಹುಟ್ಟಿದ್ದು ಯಕ್ಷಗಾನಕ್ಕಾಗಿಯಲ್ಲ, ನಾವು ಹತ್ತರ ಲೆಕ್ಕದಲ್ಲಿ ಎಣಿಸುತ್ತೇವೆಂಬ ಕಾರಣಕ್ಕೆ. ಆದರೂ ಅದನ್ನು ಸುಮ್ಮನೆ ಬಿಟ್ಟರೆ ಅದು ಸುತ್ತುವುದು ಝಂಪೆಯ ಅಳತೆಯಲ್ಲೇ. ತ್ರಿವುಡೆ ಬೇಕೇ? ಅದಕ್ಕೆ ಏಳು. 4017ರಲ್ಲಿ 15ನೆಯ ಕಾಲಿನ ಹೆಸರು ರೀಸೆಟ್. ಅದಕ್ಕೆ ವಿದ್ಯುತ್ ತಾಗಿದರೆ ಎಣಿಕೆ ಎಲ್ಲಿದ್ದರೂ ಮೊದಲ ಮನೆಗೆ ಓಡಿಹೋಗುತ್ತದೆ. ಹತ್ತರ ಎಣಿಕೆಯಲ್ಲಿ ಈ ಕಾಲು ಬ್ಯಾಟರಿಯ ಋಣ ಕಡೆಗೆ ಸೇರಿರುತ್ತದೆ. ಅಲ್ಲಿಂದ ಅದನ್ನು ಬಿಡಿಸಿ, ಎಂಟನೆಯ ಮನೆಯಾದ 6ನೆಯ ಕಾಲಿಗೆ ಒಂದು ತಂತಿಯಲ್ಲಿ ಸೇರಿಸಿ. ಎಣಿಕೆ ಏಳು ಮನೆ ದಾಟಿ ಎಂಟಕ್ಕೆ ಕಾಲಿಟ್ಟ ಕ್ಷಣವೇ ಮೊದಲಿಗೆ ಹಾರುತ್ತದೆ. ಎಂಟನೆಯ ದೀಪ ಹೊತ್ತಿದ್ದು ಕಣ್ಣಿಗೆ ಕಾಣುವುದೇ ಇಲ್ಲ. ಒಂದು ತಂತಿ ಬದಲಿಸಿದ್ದಕ್ಕೆ ಝಂಪೆ ಹೋಗಿ ತ್ರಿವುಡೆ ಬಂತು. ಇದನ್ನು ಕೈಯಾರೆ ಮಾಡಿ ನೋಡಿದ ಮಗು ಮರೆಯುವುದಿಲ್ಲ. ಎಲ್ಲವೂ ಒಂಬತ್ತು ವೋಲ್ಟಿನ ಬ್ಯಾಟರಿಯಲ್ಲೇ ನಡೆಯಲಿ. ಗೋಡೆಯ ಪ್ಲಗ್ಗಿನ ಹತ್ತಿರ ಈ ಆಟ ಬೇಡವೇ ಬೇಡ.

ದೀಪ ಉರಿಯಿತು, ಸ್ವರ ಬರುವುದು ಹೇಗೆ? ದೀಪದ ಜಾಗದಲ್ಲಿ ಪ್ರತಿ ಮನೆಗೂ ಒಂದು ತಿರುಗಣೆ ಇಟ್ಟರೆ ಆಯಿತು. ಒಂದನ್ನು ಪೂರ್ತಿ ತಿರುಗಿಸಿ, ಇನ್ನೊಂದನ್ನು ಅರ್ಧ ತಿರುಗಿಸಿ. ಆಗ ಪ್ರತಿ ಮನೆಯಿಂದ ಹೊರಡುವ ವೋಲ್ಟೇಜು ಬೇರೆ ಬೇರೆ. ಆ ವೋಲ್ಟೇಜನ್ನು ಕೇಳಿಸಿಕೊಂಡು, ಸಿಂಥಸೈಜರಿನೊಳಗೆ ಕಂಪನ ಹುಟ್ಟಿಸುವ ಆಸಿಲೇಟರ್ ಆ ಕಂಪನವನ್ನು ಏರಿಸುತ್ತದೆ ಅಥವಾ ಇಳಿಸುತ್ತದೆ. ರಾಬರ್ಟ್ ಮೂಗ್ ತಮ್ಮ ಸಿಂಥಸೈಜರುಗಳಲ್ಲಿ ಪಾಲಿಸಿದ ಕಟ್ಟಳೆಯನ್ನು ಇವತ್ತಿಗೂ ಬಹಳ ಮಂದಿ ಅನುಸರಿಸುತ್ತಾರೆ: ಒಂದು ವೋಲ್ಟ್ ಹೆಚ್ಚಾದರೆ ಕಂಪನ ಎರಡರಷ್ಟು. ಸೆಕೆಂಡಿಗೆ 220 ಇದ್ದದ್ದು 440 ಆಗುತ್ತದೆ, ಎಂದರೆ ಷಡ್ಜದಿಂದ ಮೇಲಿನ ಷಡ್ಜಕ್ಕೆ ಹೋದ ಹಾಗೆ. ನಡುವೆ ಹನ್ನೆರಡು ಸ್ವರಸ್ಥಾನಗಳಿವೆಯಲ್ಲ, ಒಂದೊಂದಕ್ಕೆ ಸುಮಾರು 0.083 ವೋಲ್ಟ್. ಹಾರ್ಮೋನಿಯಂ ಮುಂದೆ ಕೂರುವ ಮಕ್ಕಳಿಗೆ ಈ ಹನ್ನೆರಡು ಗೊತ್ತೇ ಇರುತ್ತದೆ.

"ಅಕ್ಕೋರೇ, ಅದು ದಣಿಯೂದಿಲ್ವಾ?" ಎಂದಳು ಅದೇ ಹುಡುಗಿ. ದಣಿಯುವುದಿಲ್ಲ, ಆದರೆ ಸೆಖೆಗೆ ಬದಲಾಗುತ್ತದೆ. ರೆಸಿಸ್ಟರು, ಕೆಪಾಸಿಟರುಗಳ ಗುಣ ಬಿಸಿಗೆ ಸ್ವಲ್ಪ ಹೆಚ್ಚುಕಡಿಮೆಯಾಗುತ್ತದೆ, ಅದರೊಂದಿಗೆ ಟಿಕ್ಕಿನ ವೇಗವೂ. ನಮ್ಮ ಕರಾವಳಿಯ ಏಪ್ರಿಲ್ ಮಧ್ಯಾಹ್ನಕ್ಕೂ ಡಿಸೆಂಬರಿನ ಬೆಳಗಿಗೂ ಎಷ್ಟು ವ್ಯತ್ಯಾಸ, ನಿಮಗೇ ಗೊತ್ತು. ಅದಕ್ಕಾಗಿ ಈಗಿನ ಕೀಬೋರ್ಡುಗಳು ಕ್ವಾರ್ಟ್ಜ್ ಹರಳನ್ನು ನಂಬುತ್ತವೆ. ಕೆಲವು ಹರಳುಗಳನ್ನು ಒತ್ತಿದರೆ ವಿದ್ಯುತ್ ಹುಟ್ಟುತ್ತದೆ ಎಂದು 1880ರಲ್ಲಿ ಫ್ರಾನ್ಸಿನ ಕ್ಯೂರಿ ಸಹೋದರರು, ಜಾಕ್ ಮತ್ತು ಪಿಯರ್, ತೋರಿಸಿಕೊಟ್ಟರು. ಅದು ತಿರುಗಾಮುರುಗಾ ಕೂಡ ನಡೆಯುತ್ತದೆ. ವಿದ್ಯುತ್ ಕೊಟ್ಟರೆ ಹರಳು ನಡುಗುತ್ತದೆ, ಅದೂ ತನ್ನದೇ ಆದ ಒಂದು ವೇಗದಲ್ಲಿ, ಬಿಸಿಗೆ ಬಹಳ ಕಡಿಮೆ ಜಗ್ಗಿ. ಕೈಗಡಿಯಾರದ ಹರಳು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ಈ ಸಂಖ್ಯೆಯನ್ನು ಎರಡರಿಂದ ಭಾಗಿಸುತ್ತ ಹೋಗಿ. ಹದಿನೈದನೆಯ ಸಲಕ್ಕೆ ಸರಿಯಾಗಿ ಒಂದು ಉಳಿಯುತ್ತದೆ. ಗಡಿಯಾರದ ಒಂದು ಸೆಕೆಂಡು ಹುಟ್ಟುವುದು ಹಾಗೆ.

ಪೆಟ್ಟಿಗೆ ಒಂದೇ ಇದ್ದರೆ ಇಷ್ಟಕ್ಕೆ ಕೆಲಸ ಮುಗಿಯಿತು. ಎರಡು, ಮೂರು ಪೆಟ್ಟಿಗೆಗಳಿದ್ದರೆ? ಒಂದೊಂದೂ ತನ್ನದೇ ಎಣಿಕೆ ಹಿಡಿದರೆ ಸ್ವಲ್ಪ ಹೊತ್ತಿನಲ್ಲೇ ಡ್ರಮ್ಮು ಒಂದು ಕಡೆ, ಬೇಸು ಇನ್ನೊಂದು ಕಡೆ. ಈ ತೊಡಕನ್ನು ನಮ್ಮ ಬಯಲಾಟದವರು ಯಾವಾಗಲೋ ಬಿಡಿಸಿಕೊಂಡಿದ್ದಾರೆ. ರಂಗಸ್ಥಳದಲ್ಲಿ ಮದ್ದಳೆಯವರೂ ಚಂಡೆಯವರೂ ಎಷ್ಟೇ ಬಲ್ಲವರಾಗಿರಲಿ, ಕಿವಿ ಇರುವುದು ಭಾಗವತರ ಕೈಯ ತಾಳದ ಮೇಲೆ. ಎಣಿಕೆ ಒಬ್ಬರದು, ನುಡಿಕೆ ಎಲ್ಲರದು. ಬೇರೆ ಬೇರೆ ಕಂಪನಿಗಳ ಯಂತ್ರಗಳಿಗೆಲ್ಲ ಹೊಂದುವ ಇಂಥ ಏರ್ಪಾಡು ಬಂದದ್ದು 1983ರಲ್ಲಿ. ಅದರ ಹೆಸರು ಮಿಡಿ. ಆ ವರ್ಷದ ಜನವರಿಯಲ್ಲಿ ಅಮೆರಿಕದ ಸಂಗೀತ ವಾದ್ಯಗಳ ಮೇಳವೊಂದರಲ್ಲಿ, ಬೇರೆ ಬೇರೆ ಕಂಪನಿಗಳು ಮಾಡಿದ ಎರಡು ಸಿಂಥಸೈಜರುಗಳನ್ನು ಒಂದು ತಂತಿಯಿಂದ ಸೇರಿಸಿ ಒಟ್ಟಿಗೆ ನುಡಿಸಿದರು. ಒಂದು ಡೇವ್ ಸ್ಮಿತ್ ಅವರ ಕಂಪನಿಯದು, ಇನ್ನೊಂದು ಜಪಾನಿನ ಇಕುತಾರೋ ಕಾಕೆಹಾಶಿ ಕಟ್ಟಿದ ರೋಲಂಡ್ ಕಂಪನಿಯದು. ಈ ಕಾಕೆಹಾಶಿ ಹದಿಹರೆಯದಲ್ಲೇ ಗಡಿಯಾರ ರಿಪೇರಿಯ ಅಂಗಡಿ ಇಟ್ಟಿದ್ದವರು ಎಂದರೆ ನಿಮಗೆ ಖುಷಿಯಾಗಬಹುದು. ಅವರ ಕಂಪನಿ 1980ರಲ್ಲಿ ತಂದ ಟಿಆರ್-808 ಎಂಬ ಡ್ರಮ್ ಯಂತ್ರದ ಮುಂಭಾಗದಲ್ಲಿ ಹದಿನಾರು ಗುಂಡಿಗಳು ಸಾಲಾಗಿವೆ: ನಾಲ್ಕು ಕೆಂಪು, ನಾಲ್ಕು ಕಿತ್ತಳೆ, ನಾಲ್ಕು ಹಳದಿ, ನಾಲ್ಕು ಬಿಳಿ. ನೀವು ಅಂಗಳದಲ್ಲಿ ಬರೆದ ಮನೆಗಳೇ ಅವು.

ಅಂಥ ಯಂತ್ರಗಳು ಬೇಗನೆ ನಮ್ಮ ದೇಶಕ್ಕೂ ಬಂದವು. ಮುಂಬಯಿಯ ಚಿತ್ರಸಂಗೀತದಲ್ಲಿ ದುಡಿಯುತ್ತಿದ್ದ ಚರಣಜಿತ್ ಸಿಂಗ್ 1982ರಲ್ಲಿ ಇದೇ 808ನ್ನು, ಬೇಸ್ ನುಡಿಸುವ ಇನ್ನೊಂದು ಸೀಕ್ವೆನ್ಸರನ್ನು ಇಟ್ಟುಕೊಂಡು ಹತ್ತು ರಾಗಗಳನ್ನು ನುಡಿಸಿ ಧ್ವನಿಮುದ್ರಿಸಿದರು. ಆಗ ಅದನ್ನು ಕೇಳಿದವರು ಕಡಿಮೆ. 2010ರಲ್ಲಿ ಮತ್ತೆ ಹೊರಬಂದಾಗ ಜಗತ್ತಿನಾದ್ಯಂತ ಕೇಳಿದರು. ನಮ್ಮ ಬೆಂಗಳೂರಿನಲ್ಲಂತೂ ಇಂಜಿನಿಯರೂ ಕೊಳಲು ವಾದಕರೂ ಆದ ಜಿ. ರಾಜ್ ನಾರಾಯಣ್ ರಾಡೆಲ್ ಸಂಸ್ಥೆಯನ್ನು ಕಟ್ಟಿ, ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆಯನ್ನೂ ತಾಳ ನುಡಿಸುವ ಪೆಟ್ಟಿಗೆಗಳನ್ನೂ ಮಾಡಿದರು. ಸಂಗೀತ ಪಾಠಕ್ಕೆ ಹೋಗುವ ಎಷ್ಟೋ ಮಕ್ಕಳು ಅಂಥ ಪೆಟ್ಟಿಗೆಯ ಎದುರು ಕೂತೇ ಅಭ್ಯಾಸ ಮಾಡುತ್ತಾರೆ. ಅದರಲ್ಲಿ ಆದಿತಾಳಕ್ಕೆ ಎಂಟು, ಮಿಶ್ರಛಾಪಿಗೆ ಏಳು, ಖಂಡಛಾಪಿಗೆ ಐದು ಎಂದು ಮನೆಗಳು ಮೊದಲೇ ತುಂಬಿರುತ್ತವೆ.

ಮಿಡಿಗೆ ಮರಳೋಣ, ಅಲ್ಲಿ ಒಂದು ಸ್ವಾರಸ್ಯದ ಲೆಕ್ಕವಿದೆ. ಎಣಿಸುವ ಪೆಟ್ಟಿಗೆ ಉಳಿದ ಪೆಟ್ಟಿಗೆಗಳಿಗೆ "ವೇಗ 120" ಎಂದು ಹೇಳುವುದಿಲ್ಲ. 248 ಎಂಬ ಒಂದು ಸಂಖ್ಯೆಯನ್ನು ಮಾತ್ರ ಮತ್ತೆ ಮತ್ತೆ ಕಳಿಸುತ್ತಿರುತ್ತದೆ, ಒಂದು ಪೆಟ್ಟಿನ ಅವಧಿಯಲ್ಲಿ 24 ಸಲ. ಕೇಳುವ ಪೆಟ್ಟಿಗೆ ಅವನ್ನು ಎಣಿಸುತ್ತದೆ. ಆರು ಬಂದರೆ ಒಂದು ಮನೆ ಮುಂದೆ, ಮತ್ತೆ ಆರಕ್ಕೆ ಇನ್ನೊಂದು ಮನೆ. 120ರ ವೇಗದಲ್ಲಿ ಸೆಕೆಂಡಿಗೆ 48 ಸಲ ಈ ಸುದ್ದಿ ಹೋಗಬೇಕು. ಒಳಗಿನ ಹರಳು ಸೆಕೆಂಡಿಗೆ ಒಂದು ಕೋಟಿ ಅರವತ್ತು ಲಕ್ಷ ಸಲ ಕಂಪಿಸುವಂಥದ್ದಾದರೆ, ಸುಮಾರು 3,33,333 ಕಂಪನ ಎಣಿಸಿದ ಮೇಲೆ ಒಂದು ಸುದ್ದಿ. ತಂತಿಯಲ್ಲಿ ಆ ಸುದ್ದಿ ಸಾಗಲು ಹಿಡಿಯುವ ಸಮಯ ಒಂದು ಸೆಕೆಂಡಿನ ಮೂರು ಸಾವಿರ ಪಾಲಿನಲ್ಲಿ ಸುಮಾರು ಒಂದು ಪಾಲಿನಷ್ಟು.

ಆದರೆ 24 ಏಕೆ? ಅದನ್ನು ಎರಡರಿಂದ, ಮೂರರಿಂದ, ನಾಲ್ಕರಿಂದ, ಆರರಿಂದ, ಎಂಟರಿಂದ ಶೇಷವಿಲ್ಲದೆ ಭಾಗಿಸಬಹುದು. ಒಂದು ಪೆಟ್ಟನ್ನು ಮೂರಾಗಿ ಒಡೆಯುವ ತಿಶ್ರ ನಡೆಗೆ ಎಂಟೆಂಟು, ನಾಲ್ಕಾಗಿ ಒಡೆಯುವ ಚತುರಶ್ರಕ್ಕೆ ಆರಾರು. ಐದಾಗಿ ಒಡೆಯುವ ಖಂಡ ನಡೆಗೆ ಬನ್ನಿ. 24ನ್ನು ಐದರಿಂದ ಭಾಗಿಸಿದರೆ 4.8! ಏಳರ ಮಿಶ್ರ ನಡೆಗೂ ಅದೇ ಕಥೆ. ಮಿಡಿ ರೂಪಿಸಿದವರ ಕಿವಿಯಲ್ಲಿದ್ದದ್ದು ತಮ್ಮ ತಮ್ಮ ಸಂಗೀತ. ನಮ್ಮ ಮೃದಂಗದವರ ಐದು, ಏಳು, ಒಂಬತ್ತು ಅವರ ಲೆಕ್ಕಕ್ಕೆ ಬಂದಿರಲಾರದು. ಈಗಿನ ಸೀಕ್ವೆನ್ಸರುಗಳು ಒಳಗೊಳಗೆ ಒಂದು ಪೆಟ್ಟನ್ನು 96 ಪಾಲು, 480 ಪಾಲು ಮಾಡಿಕೊಳ್ಳುತ್ತವೆ. 480 ಐದಕ್ಕೆ ಒಗ್ಗುತ್ತದೆ, ಏಳಕ್ಕೆ ಒಗ್ಗುವುದಿಲ್ಲ. ಹಾಗಾದರೆ ಮೂರು, ನಾಲ್ಕು, ಐದು, ಏಳು, ಒಂಬತ್ತು, ಈ ಐದೂ ನಡೆಗಳಿಗೆ ಶೇಷವಿಲ್ಲದೆ ಒಗ್ಗುವ ಅತಿ ಚಿಕ್ಕ ಸಂಖ್ಯೆ ಯಾವುದು? ಲಘುತಮ ಸಾಮಾನ್ಯ ಅಪವರ್ತ್ಯ ಎಂದು ಗಣಿತದಲ್ಲಿ ಕಲಿಯುತ್ತೀರಲ್ಲ, ಅದೇ. ಮುಂದೆ ಓದುವ ಮೊದಲು ಪಾಟಿ ಹಿಡಿದು ಮಾಡಿ. ಬಂದದ್ದು 1260 ಆದರೆ ಸರಿ. ಒಂದು ಪೆಟ್ಟನ್ನು 1260 ಪಾಲು ಮಾಡುವ ಕ್ಲಾಕ್ ಇದ್ದರೆ ನಮ್ಮ ಐದೂ ನಡೆಗಳು ಕೂದಲೆಳೆಯಷ್ಟೂ ತಪ್ಪದೆ ಕೂರುತ್ತವೆ. ಅಂಥದೊಂದನ್ನು ಮುಂದೆ ನಿಮ್ಮಲ್ಲೊಬ್ಬರು ಕಟ್ಟಬೇಕು ಎನ್ನುವುದು ನನ್ನ ಆಸೆ.

ಇನ್ನೊಂದು ಆಟ ಹೇಳುತ್ತೇನೆ. ಒಂದೇ ಎಣಿಕೆಗೆ ಎರಡು ಸಾಲು ಓಡಿಸಿ. ಮೇಲಿನ ಸಾಲಿಗೆ ಏಳು ಮನೆ, ಕೆಳಗಿನದಕ್ಕೆ ಎಂಟು. ಎರಡೂ ಬೀಜಗಳು ಒಂದನೆಯ ಮನೆಯಿಂದ ಹೊರಡಲಿ. ಮೊದಲ ಸುತ್ತಿಗೇ ಮೇಲಿನ ಬೀಜ ಒಂದು ಮನೆ ಮುಂದಾಗುತ್ತದೆ, ಆಮೇಲೆ ಎರಡು, ಮೂರು. ಸದ್ದುಗಳು ಪ್ರತಿ ಸುತ್ತಿನಲ್ಲೂ ಹೊಸ ಹೊಸ ಜೋಡಿಯಾಗಿ ಬೀಳುತ್ತವೆ. ಮತ್ತೆ ಎರಡೂ ಒಟ್ಟಿಗೆ ಮೊದಲ ಮನೆಯಲ್ಲಿ ನಿಲ್ಲುವುದು 56 ಎಣಿಕೆ ಮುಗಿದ ಮೇಲೆ. ಯಂತ್ರ 120ರ ವೇಗದಲ್ಲಿ ಇದನ್ನು ಏಳು ಸೆಕೆಂಡಿನಲ್ಲಿ ಮುಗಿಸುತ್ತದೆ. ಹದಿನೈದು ಮನೆಗಳನ್ನು ತುಂಬಿಸಿ 56 ಎಣಿಕೆಯ ಸಂಗೀತ ಪಡೆಯುವುದು ಸಣ್ಣ ಲಾಭವಲ್ಲ.

ಕ್ಲಾಕಿಗೆ ಬಾರದ ಕೆಲಸವೂ ಇದೆ. ಭಾಗವತರು ವೇಷಧಾರಿಯನ್ನು ನೋಡುತ್ತ ತಾಳ ಹಾಕುತ್ತಾರೆ. ಅವನು ಏರಿದರೆ ಇವರೂ ಏರುತ್ತಾರೆ, ಅವನು ಮಾತಿಗೆ ನಿಂತರೆ ಇವರೂ ತಡೆಯುತ್ತಾರೆ. ಕ್ಲಾಕು ಯಾರನ್ನೂ ನೋಡುವುದಿಲ್ಲ. ಅದಕ್ಕೆಂದೇ ಕೆಲವು ಯಂತ್ರಗಳಲ್ಲಿ ಟ್ಯಾಪ್ ಎಂಬ ಗುಂಡಿ ಇಟ್ಟಿದ್ದಾರೆ. ನೀವು ಲಯಕ್ಕೆ ಸರಿಯಾಗಿ ಆ ಗುಂಡಿಯನ್ನು ನಾಲ್ಕಾರು ಸಲ ತಟ್ಟಿದರೆ ಎರಡು ತಟ್ಟುಗಳ ನಡುವಿನ ಸಮಯವನ್ನು ಅದು ಅಳೆಯುತ್ತದೆ, ಆ ವೇಗಕ್ಕೆ ಹೊಂದಿಕೊಳ್ಳುತ್ತದೆ. ಅರ್ಧ ಸೆಕೆಂಡಿಗೊಮ್ಮೆ ತಟ್ಟಿದರೆ 120, ಮುಕ್ಕಾಲು ಸೆಕೆಂಡಿಗೊಮ್ಮೆ ತಟ್ಟಿದರೆ 80. ನೋಡಲು ಬಾರದಿದ್ದರೂ ಮುಟ್ಟಿದ್ದನ್ನು ಅಳೆಯಲು ಅದಕ್ಕೆ ಬರುತ್ತದೆ.

ಈಗ ನಿಮ್ಮಲ್ಲಿ ಒಂದು ಮಾತು ಕೇಳಿಕೊಳ್ಳಬೇಕು. ಕೀಬೋರ್ಡಿನ ತಾಳಗಳ ಪಟ್ಟಿಯನ್ನು ತೆರೆದು ನೋಡಿ. ವಾಲ್ಟ್ಸ್ ಇದೆ, ಬೊಸಾನೋವಾ ಇದೆ, ರಾಕ್ ಇದೆ, ನಮ್ಮ ದೇಶಕ್ಕೆಂದು ಮಾಡಿದವುಗಳಲ್ಲಿ ಭಾಂಗ್ಡಾ, ದಾಂಡಿಯಾ ಕೂಡ ಇವೆ. ನಾನು ನೋಡಿದ ಯಾವ ಪಟ್ಟಿಯಲ್ಲೂ ಹಾಲಕ್ಕಿ ಒಕ್ಕಲಿಗರ ಸುಗ್ಗಿ ಕುಣಿತದ ಗುಮಟೆಯ ಪೆಟ್ಟು ಇರಲಿಲ್ಲ, ಗುಮಟೆ ಬಾರಿಸುತ್ತ ಹಾಡುವ ಗುಮಟೆ ಪಾಂಗಿನದೂ ಇರಲಿಲ್ಲ. ಹಾಲಕ್ಕಿಗಳ ಹಾಡು ಹಾಡುತ್ತಿದ್ದ ಅಂಕೋಲೆಯ ಬಡಗೇರಿಯ ಸುಕ್ರಿ ಬೊಮ್ಮಗೌಡರಿಗೆ 2017ರಲ್ಲಿ ಪದ್ಮಶ್ರೀ ಬಂತು. ಅವರು ಆ ಹಾಡುಗಳನ್ನು ನೆನಪಿನಲ್ಲೇ ಇಟ್ಟುಕೊಂಡಿದ್ದವರು. 2025ರ ಫೆಬ್ರುವರಿಯಲ್ಲಿ ಅವರು ತೀರಿಕೊಂಡರು. ಆದರೆ ಸೀಕ್ವೆನ್ಸರಿನಲ್ಲಿ ನಾವೇ ತುಂಬಿಸಬಹುದಾದ ಖಾಲಿ ಮನೆಗಳೂ ಇರುತ್ತವೆ. ಅವುಗಳೊಳಗೆ ಏನು ಇಡಬೇಕೆಂದು ಇಡುವವರೇ ತೀರ್ಮಾನಿಸಬೇಕು.

ಬರುವ ಸುಗ್ಗಿಗೆ, ಹೋಳಿಗೆ ಮೊದಲು ತುರಾಯಿ ಕಟ್ಟಿದ ತಂಡ ನಿಮ್ಮ ಊರಿಗೆ ಬಂದಾಗ, ಗುಮಟೆಯವರ ಹತ್ತಿರ ನಿಂತು ಕೇಳಿ. ಸುತ್ತು ಎಷ್ಟು ಎಣಿಕೆಗೆ ತಿರುಗಿ ಬರುತ್ತದೆ ಎಂದು ಮೊದಲು ಬೆರಳಿನಲ್ಲಿ ಎಣಿಸಿ. ಆಮೇಲೆ ನೋಟುಬುಕ್ಕಿನಲ್ಲಿ ಅಷ್ಟು ಮನೆ ಬರೆದು ತೆರೆದ ಸದ್ದು ಎಲ್ಲಿ, ಮುಚ್ಚಿದ್ದು ಎಲ್ಲಿ, ಮೌನ ಎಲ್ಲಿ ಎಂದು ತುಂಬಿಸಿ. ಬರೆದದ್ದನ್ನು ಬಾರಿಸಿದ ಅಜ್ಜನಿಗೇ ತೋರಿಸಿ, ಓದಿ ಹೇಳಿ, ಸರಿಯಿದೆಯೇ ಎಂದು ಕೇಳಿ. ಅದು ಅವರ ಸೊತ್ತು. ಯಂತ್ರಕ್ಕೆ ಹಾಕುವ ಮೊದಲು ಅವರ ಒಪ್ಪಿಗೆ ಪಡೆಯಿರಿ. ಸುತ್ತಿನ ಉದ್ದ, ವೇಗ, ಊರಿನ ಹೆಸರು, ಬಾರಿಸಿದವರ ಹೆಸರು, ತಾರೀಕು, ಈ ಐದನ್ನೂ ಪುಟದ ತಲೆಯಲ್ಲಿ ಬರೆಯಲು ಮರೆಯಬೇಡಿ.